ಓಡುವ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ

ನಮ್ಮ ಮಾವನದು ತಿಪಟೂರಿನ ಕಡೆ ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕರೆಯೋಲೆ, ಜಾತ್ರೆ ಕರಪತ್ರ, ಶ್ರದ್ಧಾಂಜಲಿ ಬ್ಯಾನರ್, ಹಾಲಿನ ಸಂಘದ ವಾರ್ಷಿಕ ವರದಿ, ಇವೇ ಕೆಲಸ. ಇರುವುದು ಒಂದೇ ಕಂಪ್ಯೂಟರ್. 2017ರ ಕೊನೆಯಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಜೋಡಿಸಿದ್ದು. ಇಂಟೆಲ್ ಏಳನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. ಆಮೇಲೆ ಒಂದು ಎಸ್‌ಎಸ್‌ಡಿ ಹಾಕಿಸಿದೆವು. ಈಗ ಬಟನ್ ಒತ್ತಿ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಆನ್ ಆಗಿರುತ್ತದೆ.

2025ರ ದೀಪಾವಳಿ ಮುಗಿದ ವಾರ ಮಾವ ಫೋನ್ ಮಾಡಿದರು. ದನಿಯಲ್ಲಿ ಗಾಬರಿ. ಊರಿನ ರಿಪೇರಿಯವರೊಬ್ಬರು ಬಂದು ನೋಡಿ, ನಿಮ್ಮ ವಿಂಡೋಸ್ 10 ಕತೆ ಮುಗೀತು, ಇದರಲ್ಲಿ 11 ಕೂರಲ್ಲ, ಇದನ್ನ ಕೊಟ್ಟುಬಿಡಿ ಮೂರು ಸಾವಿರ ಕೊಡ್ತೀನಿ, ಹೊಸದಕ್ಕೆ ನಲವತ್ತೈದು ಆಗುತ್ತೆ ಅಂದಿದ್ದರಂತೆ. ಮುಂದಿನ ತಿಂಗಳಿಂದ ಮದುವೆ ಸೀಸನ್. ನಲವತ್ತೈದು ಸಾವಿರ ಅಂದರೆ ಅವರ ಪೂರ್ತಿ ಸೀಸನ್ನಿನ ಉಳಿತಾಯ.

ಇಂಥ ಫೋನು ನಿಮಗೂ ಬಂದಿರಬಹುದು, ಅಪ್ಪನಿಂದಲೋ ಪಕ್ಕದ ಮನೆಯವರಿಂದಲೋ. ಹಾಗಾಗಿ ನಿಜವಾಗಿ ಏನು ಮುಗಿಯಿತು, ಏನು ಮುಗಿದಿಲ್ಲ ಅಂತ ಬಿಡಿಸಿ ಹೇಳುತ್ತೇನೆ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಅಪ್‌ಡೇಟ್ ನಿಲ್ಲಿಸಿತು. ಅಷ್ಟೇ ಆದದ್ದು. ಕಂಪ್ಯೂಟರ್ ಕೆಟ್ಟಿಲ್ಲ. 15ನೇ ತಾರೀಖು ಬೆಳಿಗ್ಗೆ ಯಾರ ಮನೆಯ ಪರದೆಯೂ ಕಪ್ಪಾಗಲಿಲ್ಲ. ಹಿಂದಿನ ದಿನ ಓಡಿದ ಎಲ್ಲವೂ ಮರುದಿನವೂ ಓಡಿತು. ನಿಂತದ್ದು ಭದ್ರತೆಯ ತೇಪೆ. ವಿಂಡೋಸ್‌ನಲ್ಲಿ ತಿಂಗಳು ತಿಂಗಳು ಹೊಸ ಹೊಸ ತೂತು ಪತ್ತೆಯಾಗುತ್ತಲೇ ಇರುತ್ತವೆ. ಕಂಪನಿ ಅದನ್ನು ಮುಚ್ಚುತ್ತಾ ಬರುತ್ತದೆ. ಮುಚ್ಚುವುದನ್ನು ಬಿಟ್ಟರೆ ತೂತು ಹಾಗೇ ಉಳಿಯುತ್ತದೆ, ಮತ್ತು ಅದು ಎಲ್ಲಿದೆ ಅಂತ ಕಳ್ಳರಿಗೆ ಗೊತ್ತಾಗುತ್ತದೆ.

ಇದನ್ನು ಹಗುರವಾಗಿ ತಗೊಳ್ಳಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ವೈರಸ್ ಪ್ರಪಂಚದ ತುಂಬ ಹರಡಿತು, ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೇ ಕೆಲಸ ನಿಲ್ಲಿಸಬೇಕಾಯಿತು. ಅದು ನುಗ್ಗಿದ ತೂತಿಗೆ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಹಾಕಿಕೊಳ್ಳದೇ ಇದ್ದವರು ಸಿಕ್ಕಿಬಿದ್ದರು. ಹಾಗಾಗಿ ಏನೂ ಆಗಲ್ಲ ಬಿಡಿ ಅಂತ ಸುಮ್ನೆ ಕೂರುವುದೂ ತಪ್ಪು. ಅದರಲ್ಲೂ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡುವವರು, ಜಿಎಸ್‌ಟಿ ತುಂಬುವವರು, ಗಿರಾಕಿಗಳ ಆಧಾರ್ ಪ್ರಿಂಟ್ ತೆಗೆದುಕೊಡುವವರು.

ಒಂದು ಮಾತು ಕಂಪನಿಯ ಪರವಾಗಿಯೂ ಹೇಳಬೇಕು. ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕೆ. ಹತ್ತು ವರ್ಷಕ್ಕೂ ಜಾಸ್ತಿ ಅಪ್‌ಡೇಟ್ ಕೊಟ್ಟಿದ್ದಾರೆ. ನಮ್ಮ ಜೇಬಿನಲ್ಲಿರುವ ಎಷ್ಟೋ ಫೋನುಗಳಿಗೆ ಅದರ ಮೂರನೇ ಒಂದು ಭಾಗವೂ ಸಿಗುವುದಿಲ್ಲ. ಕೊನೆಯ ತಾರೀಖನ್ನು ಮುಚ್ಚಿಟ್ಟೂ ಇರಲಿಲ್ಲ. ಆದರೆ ಬಿಡುಗಡೆಗೆ ಮುಂಚೆ, 2015ರ ಮೇನಲ್ಲಿ, ಮೈಕ್ರೋಸಾಫ್ಟಿನವರೇ ಆದ ಜೆರ್ರಿ ನಿಕ್ಸನ್ ವೇದಿಕೆಯ ಮೇಲೆ ನಿಂತು ಇದೇ ವಿಂಡೋಸ್‌ನ ಕೊನೆಯ ಆವೃತ್ತಿ ಅಂದಿದ್ದರು. ಇನ್ನು ಮುಂದೆ ಇದನ್ನೇ ಸುಧಾರಿಸುತ್ತಾ ಹೋಗುತ್ತಾರೆ ಅಂತ ಎಲ್ಲರೂ ನಂಬಿದೆವು. ಆರು ವರ್ಷಕ್ಕೆ, 2021ರ ಅಕ್ಟೋಬರ್ 5ಕ್ಕೆ, ವಿಂಡೋಸ್ 11 ಬಂತು.

ಬರಲಿ, ತೊಂದರೆ ಇಲ್ಲ. 7ರಿಂದ 10ಕ್ಕೆ ಹೋಗುವಾಗ ಹೆಚ್ಚುಕಡಿಮೆ ಎಲ್ಲ ಹಳೇ ಕಂಪ್ಯೂಟರ್‌ಗಳೂ ಪುಕ್ಕಟೆಯಾಗಿ ಬಡ್ತಿ ಪಡೆದಿದ್ದವು. ಈ ಸಲ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿದರು. ಟಿಪಿಎಂ 2.0 ಇರಬೇಕು, ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಒಳಗೆ ಬಿಡುವ ಸೆಕ್ಯೂರ್ ಬೂಟ್ ಇರಬೇಕು, ಪ್ರೊಸೆಸರ್ ನಮ್ಮ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚೆಗಿನದು, ಎಎಂಡಿ ಆದರೆ ರೈಜೆನ್ 2000ದಿಂದ ಈಚೆಗಿನದು.

ಟಿಪಿಎಂ ಅಂದರೆ ಏನೋ ದೊಡ್ಡ ಯಂತ್ರ ಅಂದುಕೊಳ್ಳಬೇಡಿ. ಬೀಗದ ಕೈ ಇಟ್ಟುಕೊಳ್ಳುವ ಒಂದು ಪುಟ್ಟ ಪೆಟ್ಟಿಗೆ ಅದು. ಡಿಸ್ಕಿಗೆ ಬೀಗ ಹಾಕಿದರೆ ಅದರ ಕೀ ಇದರೊಳಗೆ ಇರುತ್ತದೆ, ಹಾಗಾಗಿ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಓದಲು ಆಗುವುದಿಲ್ಲ. ಒಳ್ಳೆಯ ವ್ಯವಸ್ಥೆಯೇ. ಕೆಲವು ಬೋರ್ಡಿನಲ್ಲಿ ಅದು ಬೇರೆ ಚಿಪ್ಪಾಗಿ ಇರುತ್ತದೆ, ಬಹಳಷ್ಟರಲ್ಲಿ ಪ್ರೊಸೆಸರಿನ ಒಳಗೇ ಇರುತ್ತದೆ.

ಮಾವನ ಅಂಗಡಿಗೆ ಹೋದ ದಿನ ಮೊದಲು ಮಾಡಿದ ಕೆಲಸ ಅದನ್ನು ಹುಡುಕಿದ್ದು. ಡಿಲೀಟ್ ಕೀ ಒತ್ತುತ್ತಾ ಬಯೋಸ್ ಒಳಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಗೆ, ಹೋದೆ. ಇಂಟೆಲ್‌ನಲ್ಲಿ ಇದಕ್ಕೆ ಪಿಟಿಟಿ ಅಂತ ಹೆಸರು. ಇತ್ತು, ಆಫ್ ಆಗಿತ್ತು. ಜೋಡಿಸಿ ಕೊಟ್ಟವರು ಆನ್ ಮಾಡಿರಲಿಲ್ಲ ಅಷ್ಟೇ. ಆನ್ ಮಾಡಿ ವಿಂಡೋಸ್‌ನೊಳಗೆ ಬಂದು ನೋಡಿದರೆ ಟಿಪಿಎಂ 2.0 ತಯಾರಾಗಿದೆ ಅಂತ ತೋರಿಸಿತು. ಸೆಕ್ಯೂರ್ ಬೂಟ್ ಕೂಡ ಆಯಿತು. ಅಂದರೆ ಭದ್ರತೆಗೆ ಬೇಕು ಅಂತ ಕೇಳಿದ ಎರಡೂ ಈ ಯಂತ್ರದಲ್ಲಿ ಇವೆ. ಸಿಕ್ಕಿಹಾಕಿಕೊಂಡದ್ದು ಮೂರನೇ ಷರತ್ತಿನಲ್ಲಿ, ಆ ಪಟ್ಟಿಯಲ್ಲಿ. ಐ5ರ ಏಳನೇ ತಲೆಮಾರು ಪಟ್ಟಿಯಲ್ಲಿಲ್ಲ. ಎಂಟನೆಯದು ಇದೆ. ಎಂಟನೇ ತಲೆಮಾರು ಬಂದದ್ದು 2017ರ ಆಗಸ್ಟ್‌ನಲ್ಲಿ. ಮಾವ ಕೊಂಡಾಗ ಅಂಗಡಿಯಲ್ಲಿ ಎರಡೂ ಇದ್ದವು, ಏಳನೆಯದು ಸ್ವಲ್ಪ ಅಗ್ಗ ಅಂತ ಅದನ್ನೇ ತಂದರು. ಆ ಒಂದೆರಡು ಸಾವಿರದ ವ್ಯತ್ಯಾಸ ಎಂಟು ವರ್ಷ ಆದಮೇಲೆ ಬಂದು ಕುತ್ತಿಗೆ ಹಿಡಿಯಿತು.

ಈ ಗೆರೆಯನ್ನು ಅಲ್ಲೇ ಯಾಕೆ ಎಳೆದರು? ಕಂಪನಿಯ ಉತ್ತರ ಸ್ಥಿರತೆ ಮತ್ತು ಭದ್ರತೆ. 2021ರಲ್ಲಿ ಅವರು ಒಂದು ಲೆಕ್ಕ ಕೊಟ್ಟರು. ಷರತ್ತಿಗೆ ಒಪ್ಪುವ ಯಂತ್ರಗಳಲ್ಲಿ ಬಳಕೆ 99.8ರಷ್ಟು ಭಾಗ ಕ್ರ್ಯಾಶ್ ಇಲ್ಲದೆ ನಡೆಯಿತು, ಒಪ್ಪದ ಯಂತ್ರಗಳಲ್ಲಿ ತಳಮಟ್ಟದ ಕ್ರ್ಯಾಶ್ 52 ಪ್ರತಿಶತ ಜಾಸ್ತಿ ಅಂತ. 52 ಅಂದಾಗ ಭಯ ಆಗುತ್ತದೆ, ಅಲ್ವಾ? ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾವಿರಕ್ಕೆ ಎರಡು ಇದ್ದದ್ದು ಸುಮಾರು ಮೂರು ಆಗುತ್ತದೆ. ಅಷ್ಟಕ್ಕಾಗಿ ಒಂದು ಯಂತ್ರವನ್ನು ಪೂರ್ತಿ ಹೊರಗಿಡುವುದು ನನಗಂತೂ ಸರಿ ಕಾಣಲಿಲ್ಲ. ಇನ್ನೊಂದು ವಿಷಯ ಮನಸ್ಸಿಗೆ ಜಾಸ್ತಿ ಚುಚ್ಚಿತು. ಏಳನೇ ತಲೆಮಾರಿನಲ್ಲಿ 7820ಎಚ್‌ಕ್ಯೂ ಅಂತ ಒಂದು ಪ್ರೊಸೆಸರ್ ಇದೆ. ಅದನ್ನು ಆಮೇಲೆ ಪಟ್ಟಿಗೆ ಸೇರಿಸಿದರು. ಮೈಕ್ರೋಸಾಫ್ಟಿನದೇ ದುಬಾರಿ ಕಂಪ್ಯೂಟರ್ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದದ್ದು ಅದೇ ಪ್ರೊಸೆಸರ್. ತಮ್ಮ ಮನೆಯ ಮಗುವಿಗೆ ಬಾಗಿಲು ತೆಗೆಯಬಹುದು ಅಂತಾದರೆ, ಅದೇ ವಯಸ್ಸಿನ ಊರ ಮಕ್ಕಳಿಗೆ ಯಾಕೆ ಆಗುವುದಿಲ್ಲ? ಅದಕ್ಕೆ ಒಪ್ಪುವಂಥ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕನಾಲಿಸ್ ಅನ್ನುವ ಮಾರುಕಟ್ಟೆ ಸಂಸ್ಥೆ 2023ರ ಕೊನೆಯಲ್ಲಿ ಅಂದಾಜು ಮಾಡಿತ್ತು, ಈ ಒಂದು ನಿರ್ಧಾರದಿಂದ ಪ್ರಪಂಚದಲ್ಲಿ 24 ಕೋಟಿ ಕಂಪ್ಯೂಟರ್‌ಗಳು ಕಸವಾಗಬಹುದು ಅಂತ. ಅದರಲ್ಲಿ ಎಷ್ಟು ನಿಜವಾಗಿ ಗುಜರಿಗೆ ಹೋದವೋ, ಆದರೆ ಮಾವನದಂತೂ ಹೋಗುವುದರಲ್ಲಿತ್ತು.

ಹೊಸದು ಕೊಳ್ಳಲು ಇದು ಒಳ್ಳೆಯ ಕಾಲವೂ ಅಲ್ಲ. ರ‍್ಯಾಮ್ ಬೆಲೆ 2025ರ ಕೊನೆಯಿಂದ ಏರತೊಡಗಿತು, ಎಐ ಡೇಟಾ ಸೆಂಟರುಗಳೇ ಮೆಮೊರಿಯನ್ನು ಬಾಚಿಕೊಳ್ಳುತ್ತಿವೆ. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಆ ರಿಪೇರಿಯವರು ಮೂರು ಸಾವಿರಕ್ಕೆ ಕೇಳಿದ ಪೆಟ್ಟಿಗೆಯೊಳಗಿನ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬಿಚ್ಚಿ ಮಾರಿದರೇ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತು.

ಹಾಗಾದರೆ ಮಾಡುವುದೇನು? ತುಂಬ ಜನಕ್ಕೆ ಗೊತ್ತಿಲ್ಲದ ಒಂದು ದಾರಿ ಇದೆ. ಮನೆ ಬಳಕೆದಾರರಿಗೆ ಭದ್ರತೆಯ ಅಪ್‌ಡೇಟನ್ನು ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಕೊಡುವುದಾಗಿ ಮೈಕ್ರೋಸಾಫ್ಟೇ ಘೋಷಿಸಿತು. ಮೊದಲು 30 ಡಾಲರ್ ಅಂದರು, ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರದ ಮೇಲೆ. ಜನ ಕೂಗಾಡಿದ ಮೇಲೆ 2025ರ ಜೂನ್‌ನಲ್ಲಿ ದುಡ್ಡಿಲ್ಲದ ದಾರಿಯನ್ನೂ ತೆರೆದರು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್‌ಗಳನ್ನು ಅವರ ಸರ್ವರ್‌ಗೆ ಬ್ಯಾಕಪ್ ಮಾಡಲು ಒಪ್ಪಿದರೆ ಉಚಿತ. ಸೆಟ್ಟಿಂಗ್ಸ್ ಒಳಗಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಾಯಿಸುವ ಕೊಂಡಿ ಇದೆ. ಮಾವನದು ಐದು ನಿಮಿಷದಲ್ಲಿ ಆಯಿತು.

ಉಚಿತ ಅಂದೆ, ಆದರೆ ಅದಕ್ಕೂ ಬೆಲೆ ಇದೆ. ಬೆಲೆ ನಿಮ್ಮ ಖಾತೆ. ಇಷ್ಟು ವರ್ಷ ಯಾವ ಇಮೇಲೂ ಕೊಡದೆ ಕಂಪ್ಯೂಟರ್ ಬಳಸುತ್ತಿದ್ದ ಮಾವ ಈಗ ಕಂಪನಿಯ ಪಟ್ಟಿಯಲ್ಲಿ ಒಬ್ಬ ಗ್ರಾಹಕ. ಯುರೋಪಿನವರಿಗೆ ಇದರಲ್ಲೂ ರಿಯಾಯಿತಿ ಸಿಕ್ಕಿತು. ಅಲ್ಲಿನ ಗ್ರಾಹಕ ಸಂಘಟನೆಗಳು ಪಟ್ಟು ಹಿಡಿದದ್ದರಿಂದ ಬ್ಯಾಕಪ್ಪಿನ ಷರತ್ತನ್ನು ಅವರಿಗೆ ಮಾತ್ರ ತೆಗೆದರು, ಲಾಗಿನ್ ಆಗಿದ್ದರೆ ಸಾಕು. ನಮ್ಮಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ ಇದೆ, 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಜಾಲತಾಣವನ್ನೂ ತೆರೆದರು. ಯುರೋಪಿಗೆ ಕೊಟ್ಟದ್ದನ್ನು ಇಲ್ಲಿಗೂ ಕೊಡಿ ಅಂತ ಗಟ್ಟಿಯಾಗಿ ಕೇಳುವ ಕೆಲಸ ನಮ್ಮಲ್ಲಿ ಆಗಬೇಕಿತ್ತು. ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಇಷ್ಟು ದೊಡ್ಡ ಮಾರುಕಟ್ಟೆ ನಾವು.

ಷರತ್ತನ್ನು ತಪ್ಪಿಸಿ 11 ಹಾಕುವ ದಾರಿಯೂ ಇದೆ. ರೂಫಸ್ ಅನ್ನುವ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್ ಮಾಡಿಕೊಂಡರೆ ಪರೀಕ್ಷೆಯೇ ಇಲ್ಲದೆ ಇನ್‌ಸ್ಟಾಲ್ ಆಗುತ್ತದೆ. ಏಳನೇ ತಲೆಮಾರಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಓಡುತ್ತದೆ ಅನ್ನುವುದೇ ಆ ಪಟ್ಟಿಯ ಬಗ್ಗೆ ಅರ್ಧ ಹೇಳಿಬಿಡುತ್ತದೆ. ಆದರೆ ಮುಂದೆ ಅಪ್‌ಡೇಟ್ ಸಿಗುವ ಭರವಸೆ ಇಲ್ಲ ಅಂತ ಕಂಪನಿ ಮೊದಲೇ ಹೇಳಿದೆ. ಮನೆಯ ಕಂಪ್ಯೂಟರಿಗೆ ನಾನು ಹಾಕಿಕೊಂಡೇನು. ಸೀಸನ್ನಿನ ಮಧ್ಯೆ ಕೈಕೊಟ್ಟರೆ ಹೊಟ್ಟೆಪಾಡಿಗೆ ಕುತ್ತು ಬರುವ ಅಂಗಡಿಗೆ ಹಾಕಲು ಮನಸ್ಸಾಗಲಿಲ್ಲ.

ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ವ್ಯವಸ್ಥೆ ಹಾಕಿ ಅನ್ನುವವರು ಇದ್ದಾರೆ. ನಾನೂ ಅದರಲ್ಲಿ ಒಬ್ಬ. ಅಮ್ಮನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದೇನೆ, ಯೂಟ್ಯೂಬ್, ಪತ್ರಿಕೆ, ವೀಡಿಯೋ ಕಾಲ್, ಎಲ್ಲ ಆರಾಮಾಗಿ ನಡೆಯುತ್ತದೆ. ಕನ್ನಡಕ್ಕೆ ಅದರಲ್ಲಿ ಏನೂ ಕೊರತೆ ಇಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸ ಮೊದಲಿಂದಲೇ ಕೂತಿರುತ್ತದೆ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದೇ ಇಲ್ಲ. ಗುಬ್ಬಿ, ನವಿಲು ಅಂತ ಅಕ್ಷರಶೈಲಿಗಳು ಸಿಗುತ್ತವೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಮಕ್ಕಳು ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ. ಬ್ರೌಸರ್ ಮತ್ತು ಪತ್ರ ಬರೆಯುವುದಷ್ಟೇ ನಿಮ್ಮ ಕೆಲಸ ಆಗಿದ್ದರೆ ಇವತ್ತೇ ಹಾಕಿ, ಕಂಪ್ಯೂಟರ್ ಇನ್ನೂ ಐದು ವರ್ಷ ಬಾಳುತ್ತದೆ.

ಮಾವನಿಗೆ ಮಾತ್ರ ಹಾಗೆ ಹೇಳಲು ಆಗಲಿಲ್ಲ. ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಇದೇ.

ಅವರ ಡಿ ಡ್ರೈವ್ ತೆರೆದು ನೋಡಿದೆ. 2003ರಿಂದ ವರ್ಷಕ್ಕೊಂದು ಫೋಲ್ಡರ್. ಯಂತ್ರ ಬದಲಾದಾಗಲೆಲ್ಲ ನಕಲು ಮಾಡಿಕೊಂಡು ಬಂದಿದ್ದಾರೆ. ಒಳಗೆ ಪೇಜ್‌ಮೇಕರ್ ಅನ್ನುವ ಪುಟ ಕಟ್ಟುವ ತಂತ್ರಾಂಶದ ಫೈಲುಗಳು, ಸಾವಿರಗಟ್ಟಲೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅಡೋಬಿ ಅದನ್ನು ಯಾವಾಗಲೋ ಕೈಬಿಟ್ಟಿತು. ಬದಲಿಗೆ ಬಂದ ಇನ್‌ಡಿಸೈನ್ ಈಗ ಬಾಡಿಗೆಗೆ ಮಾತ್ರ ಸಿಗುತ್ತದೆ, ತಿಂಗಳು ತಿಂಗಳು ದುಡ್ಡು ಕಟ್ಟುತ್ತಿರಬೇಕು. ಕರೆಯೋಲೆ ಮಾಡುವ ಅಂಗಡಿಗೆ ಅದು ಭಾರ. ಅದಕ್ಕೇ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇಪ್ಪತ್ತೈದು ವರ್ಷದ ಹಳೇ ತಂತ್ರಾಂಶ ಇನ್ನೂ ಅನ್ನ ಹಾಕುತ್ತಿದೆ.

ಪೇಜ್‌ಮೇಕರ್‌ಗೆ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಜಾಗತಿಕ ಪದ್ಧತಿ, ಗೊತ್ತಿಲ್ಲ. ಹಾಗಾಗಿ ಅದರೊಳಗಿನ ಕನ್ನಡವೆಲ್ಲ ಆಸ್ಕಿ ಫಾಂಟಿನದು. ನೀವು ನುಡಿ ಆಸ್ಕಿಯಲ್ಲಿ ಕ ಅಂತ ಹೊಡೆದರೆ ಫೈಲಿನೊಳಗೆ ಹೋಗಿ ಕೂರುವುದು ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಗೆರೆ ಇರುವ ಒಂದು ಎ. ಫಾಂಟು ಆ ಪಿ ಜಾಗದಲ್ಲಿ ಕನ್ನಡದ ಚಿತ್ರ ಬರೆದು ತೋರಿಸುತ್ತದೆ. ಫಾಂಟು ಇರುವವರೆಗೆ ಕನ್ನಡ. ತೆಗೆದರೆ ಯಾರಿಗೂ ಓದಲಾಗದ ಗೀಚು. ಇಮೇಲಿನಲ್ಲಿ ಕಳಿಸಿದರೆ ಗೀಚು, ವಾಟ್ಸಾಪಿಗೆ ಹಾಕಿದರೆ ಗೀಚು, ಫೈಲಿನೊಳಗೆ ಒಂದು ಹೆಸರು ಹುಡುಕಿದರೆ ಸಿಗುವುದಿಲ್ಲ. ಶ್ರೀಲಿಪಿ ಅನ್ನುವ ಇನ್ನೊಂದು ತಂತ್ರಾಂಶದ್ದು ಇನ್ನೂ ಬೇರೆ ಲೆಕ್ಕ, ಅದರ ಗೀಚೇ ಬೇರೆ.

ಈಗ ಗಂಟು ಎಲ್ಲಿದೆ ನೋಡಿ. ನಮ್ಮ ಫೈಲುಗಳಿಗೆ ಆ ಫಾಂಟೇ ಬೇಕು, ಆ ಫಾಂಟಿನಲ್ಲಿ ಕೆಲಸ ಮಾಡಲು ಪೇಜ್‌ಮೇಕರ್ ಬೇಕು, ಪೇಜ್‌ಮೇಕರಿಗೆ ವಿಂಡೋಸ್ ಬೇಕು, ವಿಂಡೋಸ್‌ಗೆ ಈಗ ಹೊಸ ಪ್ರೊಸೆಸರ್ ಬೇಕಂತೆ. ಅಮೆರಿಕದಲ್ಲಿ ಕೂತವರು ಒಂದು ಪಟ್ಟಿಯಲ್ಲಿ ಒಂದು ಗೆರೆ ಎಳೆದರೆ ತಿಪಟೂರಿನ ಕಡೆಯ ಅಂಗಡಿಯವರು ನಲವತ್ತೈದು ಸಾವಿರ ಹೊಂದಿಸಬೇಕು. ಅದರಲ್ಲಿ ಅರ್ಧ ಹಗ್ಗವನ್ನು ಕಟ್ಟಿದ್ದು ಕಂಪನಿ. ಉಳಿದ ಅರ್ಧ ನಾವೇ ಕಟ್ಟಿಕೊಂಡದ್ದು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆ ಕನ್ನಡ ಬಂತು. ಆದರೂ ಮುದ್ರಣದವರು ಆಸ್ಕಿಯಲ್ಲೇ ಉಳಿದರು, ಕಚೇರಿಗಳು ಉಳಿದವು, ಎಷ್ಟೋ ಲೇಖಕರು ಇವತ್ತಿಗೂ ಪ್ರಕಾಶಕರಿಗೆ ಆಸ್ಕಿಯಲ್ಲೇ ಕಳಿಸುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಮುಂಚೆ ಯೂನಿಕೋಡ್ ಫಾಂಟುಗಳು ಅಚ್ಚಿಗೆ ಚೆನ್ನಾಗಿ ಕಾಣುತ್ತಿರಲಿಲ್ಲ, ಪುಟ ಕಟ್ಟುವ ತಂತ್ರಾಂಶದಲ್ಲಿ ಒತ್ತಕ್ಷರಗಳು ಚದುರಿಹೋಗುತ್ತಿದ್ದವು. ಕೆಲಸ ಆಗಬೇಕಾದವರು ಕೆಲಸ ಆಗುವ ದಾರಿಯನ್ನು ಹಿಡಿದರು.

ಆ ಕಾಲ ಈಗ ಇಲ್ಲ. ಲಿಬ್ರೆ ಆಫೀಸ್‌ನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ, ಇಂಕ್‌ಸ್ಕೇಪ್‌ನಲ್ಲಿ ಕರೆಯೋಲೆ ಮಾಡಬಹುದು, ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. ಮೂರೂ ಉಚಿತ, ಮೂರೂ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತವೆ. ಅಚ್ಚಿಗೆ ಒಪ್ಪುವ ಯೂನಿಕೋಡ್ ಫಾಂಟುಗಳು ಈಗ ಸಾಕಷ್ಟು ಇವೆ. ನೋಟೋ ಸೆರಿಫ್ ಕನ್ನಡದಲ್ಲಿ ಒಂದು ಪುಟ ಮುದ್ರಿಸಿ ಮಾವನ ಕೈಗೆ ಕೊಟ್ಟಾಗ ಅವರು ಕನ್ನಡಕ ಏರಿಸಿ ನೋಡಿ, ಪರವಾಗಿಲ್ಲ, ದಪ್ಪ ಇನ್ನೊಂಚೂರು ಇದ್ದಿದ್ದರೆ ಅಂದರು. ಇಪ್ಪತ್ತೆರಡು ವರ್ಷ ಕರೆಯೋಲೆ ಮಾಡಿದವರ ಬಾಯಲ್ಲಿ ಅದು ದೊಡ್ಡ ಮಾತು.

ಹಾಗಾಗಿ ನಾವು ಒಂದು ತೀರ್ಮಾನಕ್ಕೆ ಬಂದೆವು. ಸಿಕ್ಕ ಒಂದು ವರ್ಷವನ್ನು ಸುಮ್ನೆ ಕಳೆಯುವುದು ಬೇಡ. ಹೊಸ ಕೆಲಸವೆಲ್ಲ ಇನ್ನು ಮೇಲೆ ಯೂನಿಕೋಡಿನಲ್ಲಿ. ಹಳೆಯದರಲ್ಲಿ ಮತ್ತೆ ಮತ್ತೆ ಬೇಕಾಗುವುದನ್ನು ಬದಲಿಸಿಕೊಳ್ಳುವುದು: ದೇವಸ್ಥಾನದ ಜಾತ್ರೆ ಪತ್ರ, ಸಂಘದ ವರದಿಯ ಮಾದರಿ, ಮದುವೆ ಕರೆಯೋಲೆಯ ಹತ್ತು ಹನ್ನೆರಡು ನಮೂನೆ. ಎಲ್ಲ ಸಾವಿರ ಫೈಲೂ ಬೇಕಾಗಿಲ್ಲ. ವರ್ಷ ಮುಗಿದ ಮೇಲೆ ಪೇಜ್‌ಮೇಕರ್ ಇರುವ ವಿಂಡೋಸ್ 10 ಹಾಗೇ ಇರುತ್ತದೆ, ಇಂಟರ್ನೆಟ್ ತಂತಿ ಕಿತ್ತು. ಅದೇ ಯಂತ್ರದಲ್ಲಿ ಪಕ್ಕದಲ್ಲಿ ಲಿನಕ್ಸ್, ಹೊರಗಿನ ಪ್ರಪಂಚದ ವ್ಯವಹಾರಕ್ಕೆಲ್ಲ ಅದು. ಹಳೇ ಪ್ರಿಂಟರ್ ಲಿನಕ್ಸಿನಲ್ಲಿ ಮಾತು ಕೇಳುತ್ತದೋ ಇಲ್ಲವೋ ಅಂತ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿಕೊಳ್ಳಿ, ಕೆಲವು ಹಳೇ ಲೇಸರ್ ಪ್ರಿಂಟರ್‌ಗಳು ಅದರಲ್ಲಿ ತುಂಬಾ ಸತಾಯಿಸುತ್ತವೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಈ ದಾರಿ ಅಷ್ಟು ಸುಲಭ ಅಲ್ಲ, ಅದು ವಿಂಡೋಸ್‌ಗೆ ಮಾಡಿದ್ದು.

ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ಕನ್ನಡದವರೇ ಮಾಡಿ ಪುಕ್ಕಟೆಯಾಗಿ ಇಟ್ಟಿದ್ದಾರೆ, ನುಡಿಯ ಒಳಗೂ ಇದೆ. ಪಠ್ಯವನ್ನು ಅಂಟಿಸಿ ಬಟನ್ ಒತ್ತಿದರೆ ನೂರಕ್ಕೆ ತೊಂಬತ್ತು ಭಾಗ ಸರಿಯಾಗಿ ಬಂತು ನಮಗೆ. ಉಳಿದದ್ದು ಕೈಯಿಂದ. ತೊಂದರೆ ಕೊಡುವುದು ಎರಡು. ಒಂದು, ಕನ್ನಡದ ನಡುವೆ ಬಂದ ಇಂಗ್ಲಿಷ್ ಮಾತು. ಪರಿವರ್ತಕಕ್ಕೆ ಅದೂ ಆಸ್ಕಿ ಕನ್ನಡದ ಹಾಗೇ ಕಾಣುತ್ತದೆ, ಹಾಗಾಗಿ ಮದುಮಗನ ಬಿ.ಇ. ಪದವಿ ಏನೇನೋ ಅಕ್ಷರವಾಗಿ ಹೊರಗೆ ಬರುತ್ತದೆ. ಎರಡು, ಅರ್ಕಾವತ್ತು. ಆಸ್ಕಿಯಲ್ಲಿ ಅದು ಕಣ್ಣಿಗೆ ಕಂಡ ಹಾಗೆ ಅಕ್ಷರದ ಬಲಕ್ಕೆ ಕೂರುತ್ತದೆ, ಯೂನಿಕೋಡಿನಲ್ಲಿ ಬಾಯಲ್ಲಿ ಉಚ್ಚರಿಸುವ ಹಾಗೆ ಮೊದಲು ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು, ದೀರ್ಘವೋ ಇನ್ನೊಂದು ಒತ್ತೋ ಜೊತೆಗಿದ್ದರೆ ಕೆಲವು ಸಲ ತಪ್ಪು ಜಾಗದಲ್ಲಿ ಇಟ್ಟುಬಿಡುತ್ತದೆ. ಕಾರ್ಯದರ್ಶಿ, ಸೂರ್ಯ, ಧರ್ಮಪತ್ನಿ, ಆಶೀರ್ವಾದ. ಕರೆಯೋಲೆಯ ತುಂಬ ಅರ್ಕಾವತ್ತೇ.

ಭಾನುವಾರ ಅಂಗಡಿ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಆಮೇಲೆ ಮಾವ ಒಂದೊಂದೇ ಫೈಲು ತೆಗೆದು ಓದುತ್ತಾ ಹೋಗುತ್ತಾರೆ, ತಪ್ಪು ಸಿಕ್ಕಿದಲ್ಲಿ ತಿದ್ದುತ್ತಾರೆ. ಮೊನ್ನೆ ಹೋದಾಗ 2009ರ ಫೋಲ್ಡರಿನಲ್ಲಿದ್ದರು. ನನ್ನ ಅಕ್ಕನ ಮದುವೆ ಕರೆಯೋಲೆ ಸಿಕ್ಕಿತ್ತು. ಅದರಲ್ಲಿ ಅಜ್ಜಿಯ ಹೆಸರನ್ನು ಟೈಪ್ ಮಾಡಿ ಹುಡುಕಿ ತೋರಿಸಿದರು, ಕರ್ಸರ್ ನೇರವಾಗಿ ಹೋಗಿ ಆ ಸಾಲಿನಲ್ಲಿ ನಿಂತಿತು.